ಧಾರೆಯ ಹೊತ್ತಿಗೆ ಕುದುರೆ ಹಿಂದೆ ಹೋದವನು

ನನ್ನ ಷಡ್ಡಕ ಹೋದ ತಿಂಗಳು ತೀರಿಕೊಂಡ. ಸುದ್ದಿ ತಿಳಿದು ನಾನೂ ನನ್ನ ಹೆಂಡತಿಯೂ ಗುಬ್ಬಿಯಲ್ಲಿ ಸಿಕ್ಕಿದ ಬಸ್ಸು ಹತ್ತಿ ತುಮಕೂರಿಗೆ ಹೋದಾಗ ಅವನ ಬಾಡಿಗೆ ಮನೆಯ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿರೇಹಳ್ಳಿಯ ಕಾರ್ಖಾನೆಯಿಂದ ಒಂದು ಪಾಳಿಯವರು ಕೆಲಸದ ಬಟ್ಟೆಯಲ್ಲೇ ಬಂದಿದ್ದರು. ಹೂವಿನವಳು, ಕಟಿಂಗ್ ಶಾಪಿನವನು, ಇಬ್ಬರು ಬಸ್ ಕಂಡಕ್ಟರುಗಳು, ಕರಿಕೋಟು ಹಾಕಿಕೊಂಡೇ ಬಂದ ಒಬ್ಬ ವಕೀಲರು. ಒಬ್ಬ ಜಟಕಾದವನು ಗಾಡಿಯನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸಿ ಬಂದು, ಮನೆಯವರಿಗಿಂತ ಜೋರಾಗಿ ಅಳುತ್ತಿದ್ದ. ಚಪ್ಪಲಿ ಬಿಡಲು ಜಾಗ ಹುಡುಕುತ್ತಿದ್ದ ನನಗೆ ಬಂದ ಮೊದಲ ಯೋಚನೆ, ನಾನು ಸತ್ತರೆ ಇದರ ಅರ್ಧದಷ್ಟಾದರೂ ಜನ ಬಂದಾರೆಯೇ ಎಂಬುದು. ಸತ್ತವನ ಮೇಲೂ ಹೊಟ್ಟೆಕಿಚ್ಚೇ ಎಂದು ನೀವು ನಗಬಹುದು. ನಗಿ. ಅವನು ಬದುಕಿದ್ದಷ್ಟು ದಿನವೂ ಪಟ್ಟಿದ್ದೇನೆ, ಅವನು ಹೋದ ಎಂದು ಅದೂ ಜೊತೆಯಲ್ಲೇ ಹೋಗಿಬಿಡುತ್ತದೆಯೇ?

ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ತುಮಕೂರಿನ ಕಡೆಯವರು 'ಓ, ಅವರಾ' ಎಂದು ತಾವೇ ಶುರು ಮಾಡಿಬಿಡುತ್ತಾರೆ, ನಾನು ಬರೆದದ್ದಕ್ಕಿಂತ ಅವರು ಹೇಳಿದ್ದೇ ಚೆನ್ನಾಗಿರುತ್ತದೆ. ಆ ಕಷ್ಟ ನನಗೆ ಬೇಡ.

ಕುಣಿಗಲ್ಲಿನ ಒಂದು ಮನೆಯ ಮೂವರು ಹೆಣ್ಣುಮಕ್ಕಳಲ್ಲಿ ದೊಡ್ಡವಳನ್ನು ನಾನು, ನಡುವಿನವಳನ್ನು ಅವನು ಮದುವೆಯಾಗಿದ್ದೆವು. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವನು ಹಿರೇಹಳ್ಳಿಯಲ್ಲಿ ಸ್ಟೋರ್ ಕೀಪರು. ಅದು ಹೊಟ್ಟೆಪಾಡು. ಅವನ ನಿಜವಾದ ಕಸುಬು ಕುದುರೆ ಬಾಲ. ಬೆಂಗಳೂರಿನಲ್ಲಿ ರೇಸ್ ಇದ್ದ ದಿನ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವನದೇ. ಈ ಹುಚ್ಚು ಯಾವಾಗ ಹತ್ತಿತೆಂದು ಯಾರಾದರೂ ಕೇಳಿದರೆ ಮಾವನ ಮನೆಯ ಮೇಲೆ ಹಾಕುತ್ತಿದ್ದ. ಕುಣಿಗಲ್ಲಿನ ಕುದುರೆ ಫಾರಂನ ಬೇಲಿ ಮಾವನವರ ಹಿತ್ತಲಿನಿಂದ ಕೂಗಳತೆಯ ದೂರ. "ಹೆಣ್ಣು ನೋಡಕ್ಕೆ ಅಂತ ಬಂದೆ. ಹಿತ್ತಲ ಕಡೆ ಕೈ ತೊಳ್ಯಕ್ಕೆ ಹೋದ್ರೆ ಬೇಲಿ ಆಚೆ ಕುದುರೆ ಓಡ್ತಿತ್ತು. ಎರಡನ್ನೂ ಅವತ್ತೇ ಒಪ್ಕೊಂಡುಬಿಟ್ಟೆ" ಎನ್ನುತ್ತಿದ್ದ. ಅದು ಶುದ್ಧ ಸುಳ್ಳು. ಕಾಲೇಜಿನಲ್ಲಿ ಪರೀಕ್ಷೆ ಫೀಸನ್ನೇ ರೇಸಿಗೆ ಕಟ್ಟಿದ್ದವನು ಅವನು. ಆದರೆ ಸುಳ್ಳೇ ಚೆನ್ನಾಗಿದ್ದುದರಿಂದ ಎಲ್ಲರೂ ಅದನ್ನೇ ಇಟ್ಟುಕೊಂಡರು.

ನೋಡಲು ಅಂಥ ರೂಪವಂತನೇನೂ ಅಲ್ಲ. ಕುಳ್ಳ. ಮಾತಾಡುವಾಗ ತುದಿಗಾಲ ಮೇಲೆ ನಿಂತು, ಎದುರಿನವನ ಭುಜದಾಚೆ ಏನೋ ಬರುತ್ತಿದೆ ಎನ್ನುವ ಹಾಗೆ ನೋಡುತ್ತಿದ್ದ. ಗೆದ್ದ ದಿನ ಕೆದರಿದ ತಲೆ, ಎರಡು ದಿನದ ಗಡ್ಡ. ಸೋತ ದಿನ ಮಾತ್ರ ನೀಟಾಗಿ ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿ, ಹಣೆಗೆ ವಿಭೂತಿ ಇಟ್ಟುಕೊಂಡು ಓಡಾಡುತ್ತಿದ್ದ. "ಸೋತವ್ನ ಮುಖ ನಾಲ್ಕು ಜನ ನೋಡ್ತಾರೆ ಅಣ್ಣ, ಚೆನ್ನಾಗಿರ್ಬೇಕು. ಗೆದ್ದವ್ನ ಮುಖ ಯಾರ್ ನೋಡ್ತಾರೆ, ಜೇಬು ನೋಡ್ತಾರೆ" ಎಂಬುದು ಅವನ ಮಾತು. ಕುಡಿತವಿರಲಿಲ್ಲ, ಬೀಡಿ ಇರಲಿಲ್ಲ. ಇದ್ದಿದ್ದರೆ ನನಗಾದರೂ ಹೇಳಿಕೊಳ್ಳಲು ಏನಾದರೂ ಸಿಗುತ್ತಿತ್ತು.

ಒಂದು ಸಲ ನನ್ನನ್ನೂ ರೇಸಿಗೆ ಕರೆದುಕೊಂಡು ಹೋಗಿದ್ದ. ನಾನು ಗಣಿತದವನಲ್ಲವೇ, ಹಿಂದಿನ ಓಟಗಳನ್ನೆಲ್ಲ ನೋಡಿ, ತೂಕ ದೂರ ಎಲ್ಲ ಲೆಕ್ಕ ಹಾಕಿ ಒಂದು ಕುದುರೆ ಹೇಳಿದೆ. ಅವನು ಇನ್ನೊಂದು ಕುದುರೆಯನ್ನು ತೋರಿಸಿ, "ಅದು ನನ್ನ ನೋಡಿ ಕಿವಿ ಆಡಿಸ್ತು" ಎಂದ. ನನ್ನದು ಕೊನೆಯಿಂದ ಎರಡನೆಯದಾಗಿ ಬಂತು. ಅವನದು ಗೆದ್ದಿತು. ವಾಪಸ್ಸು ಬರುವಾಗ ದಾಬಸ್‌ಪೇಟೆಯಲ್ಲಿ ತಟ್ಟೆ ಇಡ್ಲಿ ಕೊಡಿಸಿ, "ನಿಮ್ಮ ಲೆಕ್ಕ ಸರಿಯಾಗೇ ಇತ್ತು ಅಣ್ಣ, ಕುದುರೆಗೆ ಓದು ಬರಲ್ಲ, ಅದೇ ತೊಂದ್ರೆ" ಎಂದು ಸಮಾಧಾನ ಮಾಡಿದ. ಆ ಇಡ್ಲಿ ಇವತ್ತಿಗೂ ನನ್ನ ಗಂಟಲಲ್ಲೇ ಇದೆ.

ನನ್ನ ಹೊಟ್ಟೆ ನಿಜವಾಗಿ ಉರಿಯುತ್ತಿದ್ದುದು ಮಾವನವರ ಮನೆಯಲ್ಲಿ. ನಾನು ಹೋದರೆ ಅವರು ಹೆಗಲ ಮೇಲಿನ ಟವಲ್ಲು ಸರಿ ಮಾಡಿಕೊಂಡು ಎದ್ದು ನಿಂತು, "ಬನ್ನಿ ಮೇಷ್ಟ್ರೇ, ಕುಂತ್ಕೊಳಿ" ಎನ್ನುತ್ತಿದ್ದರು. ಆಮೇಲೆ ಇಬ್ಬರೂ ಮಳೆ ಬೆಳೆ ವಿಚಾರಿಸಿ ಸುಮ್ಮನೆ ಕೂರುತ್ತಿದ್ದೆವು. ಅವನು ಬಂದರೆ ಕೂತಲ್ಲಿಂದ ಏಳುತ್ತಿರಲಿಲ್ಲ. "ಬಂದೇನ್ಲಾ ಕಳ್ಳ? ಈ ಸಲ ಎಷ್ಟು ಕುದ್ರೆ ಸಾಯಿಸ್ದೆ?" ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದರು. ದೊಡ್ಡಳಿಯ ನಾನು. ಮರ್ಯಾದೆಯೆಲ್ಲ ನನಗೇ ಸಿಗುತ್ತಿತ್ತು. ಒಂದೇ ಒಂದು ಸಲ ಅವರು ನನ್ನನ್ನು 'ಏನ್ಲಾ' ಎನ್ನಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೇನೆಂದು ಹೇಳಿದರೆ ನಂಬುವುದಿಲ್ಲ.

ಇನ್ನೊಂದಿತ್ತು. ಅವನಿಗೆ ಎರಡು ಹೆಣ್ಣುಮಕ್ಕಳು. ಅಪ್ಪನ ಹಾಗೇ ಕುಳ್ಳಗೆ, ತುದಿಗಾಲಲ್ಲಿ ಓಡಾಡುವ ಮಕ್ಕಳು. ನಮಗೆ ಆಗಲಿಲ್ಲ. ನನ್ನ ಹೆಂಡತಿ ಸುತ್ತದ ದೇವರಿಲ್ಲ, ಕುಡಿಯದ ಔಷಧಿಯಿಲ್ಲ. ಆ ಮಕ್ಕಳು ಬಂದು 'ದೊಡ್ಡಮ್ಮಾ' ಎಂದು ಅವಳ ಸೆರಗು ಹಿಡಿದರೆ ಅವಳು ನಗುತ್ತಿದ್ದಳು, ಆಮೇಲೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಸಂಬಳ ಬಂದ ವಾರಕ್ಕೇ ಜೇಬು ಖಾಲಿ ಮಾಡಿಕೊಳ್ಳುವವನಿಗೆ ಎರಡು ಕೊಟ್ಟ ದೇವರು ನನಗೊಂದು ಕೊಡಬಾರದಿತ್ತೇ? ಇದು ನಾನು ಗುಬ್ಬಿಯ ಚನ್ನಬಸವೇಶ್ವರನ ಮುಂದೆ ನಿಂತು ಕೇಳಿದ ಪ್ರಶ್ನೆ.

ಈಗ ಆ ವಾರದ ವಿಷಯ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಮೂರನೆಯವಳ, ಅಂದರೆ ನಮ್ಮಿಬ್ಬರ ಚಿಕ್ಕ ನಾದಿನಿಯ ಮದುವೆ ಫಾಲ್ಗುಣದ ಒಂದು ಭಾನುವಾರ ಕುಣಿಗಲ್ಲಿನ ಮನೆಯಲ್ಲೇ ಗೊತ್ತಾಗಿತ್ತು. ಅದರ ಹಿಂದಿನ ಭಾನುವಾರ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ನಾವು ಹೋದೆವು. ನಾನು ವಾರಪೂರ್ತಿ ರಜೆ ಹಾಕಿದ್ದೆ. ಅತ್ತೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಹೆಂಡತಿಯಿಲ್ಲದ ಮಾವನವರು ಒಬ್ಬರೇ ಧಾರೆ ಎರೆಯುವ ಹಾಗಿರಲಿಲ್ಲ. ಅವರಿಗೆ ಅಣ್ಣತಮ್ಮಂದಿರೂ ಇಲ್ಲ. ಹೆಂಗಸರು ಒನಕೆ ಹಿಡಿದಿದ್ದಾಗ ಅವರು ನಡುಮನೆಯ ಬಾಗಿಲಲ್ಲಿ ನಿಂತು, "ದೊಡ್ಡಮ್ಮಿ, ಧಾರೆ ನೀನೂ ಮೇಷ್ಟ್ರೂ ಎರೀಬೇಕು" ಎಂದರು.

ನನ್ನ ಹೆಂಡತಿ ಒನಕೆ ಎತ್ತಿ ಹಾಕುತ್ತಲೇ ಇದ್ದಳು, ಆದರೆ ಅವಳ ಕಿವಿ ಕೆಂಪಾಗಿದ್ದು ನನಗೆ ಕಾಣಿಸಿತು. ನಮ್ಮ ಕಡೆ ಧಾರೆ ಎರೆದವರೇ ಆ ಹೆಣ್ಣಿಗೆ ತಾಯಿತಂದೆ. ಗೌರಿ ಹಬ್ಬಕ್ಕೆ ಬಾಗಿನ ಅವರ ಮನೆಯಿಂದ, ಮೊದಲ ಬಾಣಂತನ ಅವರ ಮನೆಯಲ್ಲಿ. ಹೆತ್ತವರಿಲ್ಲದ ಹೊತ್ತಿಗೆ ಹೆಣ್ಣು ಬಂದು ನಿಲ್ಲುವುದು ಅವರ ಹೊಸ್ತಿಲಲ್ಲಿ. ಮಕ್ಕಳಿಲ್ಲದ ನಮಗೆ ಒಂದು ಮಗಳನ್ನು ಕೊಟ್ಟು ಕಳಿಸುವ ಭಾಗ್ಯ ಇದ್ದದ್ದು ಅದೊಂದೇ. ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಅವಳು ಮೆಲ್ಲಗೆ, "ನಂಗೆ ಹಸಿರು ರೇಷ್ಮೆ ಸೀರೆ ಇದೆಯಲ್ಲ, ಅದೇ ಸಾಕು ಅಲ್ವಾ?" ಎಂದು ಕೇಳಿದಳು. ಆಗ ಅವಳ ಮುಖದಲ್ಲಿದ್ದ ಸಂತೋಷವನ್ನು ನಾನು ನಮ್ಮ ಮದುವೆಯ ದಿನವೂ ನೋಡಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆಯ ಮುಂದೆ ಟ್ಯಾಕ್ಸಿ ನಿಂತಿತು. ಕುಣಿಗಲ್ಲಿನ ಆ ಬೀದಿಗೆ ಟ್ಯಾಕ್ಸಿ ಬರುತ್ತಿದ್ದುದು ಆಸ್ಪತ್ರೆಗೆ ಹೋಗುವವರಿದ್ದರೆ ಮಾತ್ರ. ಎಲ್ಲರೂ ಗಾಬರಿಯಾಗಿ ಹೊರಗೆ ಬಂದರೆ ಇಳಿದದ್ದು ಅವನು. ಕೆದರಿದ ತಲೆ, ಎರಡು ದಿನದ ಗಡ್ಡ. ಹಿಂದಿನ ಸೀಟಿನಲ್ಲಿ ಒಂದು ಬುಟ್ಟಿ ಸೇಬು, ಬಾಳೆಎಲೆಯಲ್ಲಿ ಕಟ್ಟಿದ ಮಲ್ಲಿಗೆ ದಿಂಡುಗಳು, ಸೋದರತ್ತೆಗೆ ಒಂದು ಶಾಲು. ಬೆಂಗಳೂರಿನಲ್ಲಿ ಅವತ್ತು ಅವನು ಕಟ್ಟಿದ್ದ ಕುದುರೆಗಳೆಲ್ಲ ಒಂದರ ಹಿಂದೆ ಒಂದು ಗೆದ್ದಿದ್ದವು. "ಓಲಗದ ಜೊತೆ ಬ್ಯಾಂಡ್‌ಸೆಟ್ಟೂ ಬರ್ಲಿ ಮಾವ, ಅದು ನಂದು" ಎಂದು ಚಪ್ಪರ ಹಾಕದ ಅಂಗಳದಲ್ಲಿ ನಿಂತು ಸಾರಿದ.

ಸೋದರತ್ತೆ ಎಂದರೆ ಮಾವನವರ ಅಕ್ಕ. ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಇದ್ದರು. ಆ ಮನೆಯಲ್ಲಿ ಅವರ ಮಾತಿಗೆ ಎದುರಾಡಿದವರನ್ನು ನಾನು ಕಂಡಿಲ್ಲ. ಹೊಸ ಶಾಲು ಹೊದ್ದುಕೊಂಡು ಕೂತಿದ್ದವರು ಗಂಟಲು ಸರಿಮಾಡಿಕೊಂಡರು.

"ಒಂದ್ ಮಾತ್ ಏಳ್ತೀನಿ, ಯಾರೂ ಬ್ಯಾಸರ ಮಾಡ್ಕಬ್ಯಾಡಿ. ಧಾರೆ ಅನ್ನೋದು ಮಡ್ಲು ತುಂಬಿರೋರು ಎರೀಬೇಕು. ನಾಳೆ ಆ ಹುಡ್ಗಿಗೆ ಮಕ್ಳಾಗೋದು ವಸಿ ತಡ ಆದ್ರೂ ಮಾತು ಯಾರ್ ಮೇಲ್ ಬತ್ತದೆ? ಇವ್ನು ಎರೀಲಿ. ಎರಡು ಮಕ್ಳ ತಂದೆ. ಲಕ್ಷ್ಮಿನೂ ಒಲ್ದವ್ಳೆ."

ಅವನು ಸೇಬು ಹಂಚುತ್ತಿದ್ದ ಕೈ ನಿಲ್ಲಿಸಿ, "ಅಣ್ಣ ಅತ್ತಿಗೆ ಇರುವಾಗ ನಾನ್ಯಾಕಮ್ಮ?" ಎಂದ.

"ನೀ ಸುಮ್ಕಿರ್ಲಾ" ಎಂದರು ಸೋದರತ್ತೆ.

ಅವನು ಮತ್ತೆ ಸೇಬು ಹಂಚತೊಡಗಿದ. ಮಾವನವರು ನೆಲ ನೋಡಿದರು. ನನ್ನ ಹೆಂಡತಿ ಕೈಯಲ್ಲಿದ್ದ ಸೇಬನ್ನು ಬುಟ್ಟಿಗೆ ವಾಪಸ್ಸು ಹಾಕಿ ಹಿತ್ತಲ ಕಡೆ ಹೋದಳು. ಅಷ್ಟೇ, ಮುಗಿಯಿತು. ಒಂದು ಮಧ್ಯಾಹ್ನದ ಮಟ್ಟಿಗೆ ನಾವು ತಂದೆತಾಯಿ ಆಗಿದ್ದೆವು. ಕುದುರೆ ಓಡಿದ್ದು ಬೆಂಗಳೂರಿನಲ್ಲಿ, ಒದೆ ಬಿದ್ದಿದ್ದು ಕುಣಿಗಲ್ಲಿನಲ್ಲಿದ್ದ ನನಗೆ.

ಸೋಮವಾರ, ಮಂಗಳವಾರ ಅವನದೇ ದರ್ಬಾರು. ತುಮಕೂರಿಗೆ ಹೋಗಿ ಎಲ್ಲರಿಗೂ ಏನೇನೋ ತಂದ. ನನಗೂ ಒಂದು ಟೆರಿಲಿನ್ ಅಂಗಿ ಬಟ್ಟೆ ತಂದಿದ್ದ, ಅವನಿಗೂ ಅದೇ. "ಇಬ್ರೂ ಅಳಿಯಂದ್ರು ಒಂದೇ ಥರ ಕಾಣ್ಬೇಕು" ಎಂದ. ಒಬ್ಬನೇ ದರ್ಜಿ ಹೊಲಿದ, ಒಂದೇ ಥಾನಿನ ಬಟ್ಟೆ. ಅವನ ಮೈಮೇಲೆ ಅದು ಅಂಗಿಯಾಗಿತ್ತು, ನನ್ನ ಮೈಮೇಲೆ ಸ್ಕೂಲ್ ಯೂನಿಫಾರಂ ಆಗಿತ್ತು. ನನ್ನ ಹೆಂಡತಿ "ಚೆನ್ನಾಗಿದೆ" ಎಂದಳು. ಅವಳು ಆ ವಾರ ಎಲ್ಲದಕ್ಕೂ "ಚೆನ್ನಾಗಿದೆ" ಎನ್ನುತ್ತಿದ್ದಳು. ಹಸಿರು ಸೀರೆಯ ಮಾತು ಮತ್ತೆ ಎತ್ತಲಿಲ್ಲ.

ಬುಧವಾರವೂ ರೇಸ್ ಇತ್ತಂತೆ. ಬೆಳಿಗ್ಗೆ ಹೋದವನು ಸಂಜೆಯ ಬಸ್ಸಿಗೆ ಬಂದ. ದಾರಿಯಲ್ಲೇ ಎಲ್ಲೋ ಶೇವ್ ಮಾಡಿಸಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡಿದ್ದ. ನೋಡಿದ ಕೂಡಲೇ ನನಗೆ ತಿಳಿಯಿತು. ಬ್ಯಾಂಡ್‌ಸೆಟ್ಟು ಹೋಯಿತು. ನಿಜ ಹೇಳುತ್ತೇನೆ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಲಕ್ಷ್ಮಿ ಒಲಿದದ್ದಕ್ಕೆ ಧಾರೆ ಅವನದಾದರೆ, ಲಕ್ಷ್ಮಿ ಮುನಿದ ಮೇಲೆ ನಮ್ಮದಾಗಬೇಕಲ್ಲ? ಸೋದರತ್ತೆಯ ಕಿವಿಗೆ ಬೀಳಲಿ ಎಂದು ನಾನೇ ಜೋರಾಗಿ, "ಏನಪ್ಪಾ, ಬ್ಯಾಂಡಿನವ್ರು ಯಾವಾಗ ಬರ್ತಾರೆ?" ಎಂದು ಕೇಳಿದೆ.

ಅವನು ಬಾಯಿಗೆ ಕೈ ಅಡ್ಡ ಇಟ್ಟು, ಬ್ಯಾಂಡಿನ ಕಹಳೆಯ ಹಾಗೆ ಒಂದು ಧ್ವನಿ ತೆಗೆದ. ಅವನ ಮಕ್ಕಳಿಬ್ಬರೂ ಹಿಂದೆ ನಿಂತು ತಟ್ಟೆ ಬಡಿದವು. ಇಡೀ ಮನೆ ಬಿದ್ದು ಬಿದ್ದು ನಕ್ಕಿತು. ಸೋದರತ್ತೆ ಕಣ್ಣೊರೆಸಿಕೊಂಡು, "ಗಂಡ್ಸು ಅಂದ್ಮೇಲೆ ಸೋಲು ಗೆಲುವು ಇದ್ದದ್ದೇಯ. ಒಂದ್ ಲೋಟ ಕಾಫಿ ಕೊಡ್ರೇ ಅವನ್ಗೆ" ಎಂದರು. ನನ್ನ ಮದುವೆಯ ಹೊಸತರಲ್ಲಿ ನಾನು ಗುಬ್ಬಿಯಿಂದ ತಂದ ವೀಳ್ಯದೆಲೆ ಬಾಡಿತ್ತೆಂದು ಈ ಅತ್ತೆಯೇ ಆರು ವರ್ಷ ಆಡಿಕೊಂಡಿದ್ದರು.

ಗುರುವಾರ ಚಪ್ಪರ. ಬೆಳಿಗ್ಗೆ ಅವನು ಮನೆಯ ಹೆಂಗಸರನ್ನೂ ಮಕ್ಕಳನ್ನೂ ಕುದುರೆ ಫಾರಂನ ಬೇಲಿಯ ಹತ್ತಿರ ಹೊರಡಿಸಿಕೊಂಡು ಹೋದ. ನನ್ನ ಹೆಂಡತಿಯೂ ಹೋದಳು. ಸುಮ್ಮನಿರಲಾಗದೆ ನಾನೂ ಹಿಂದಿನಿಂದ ಹೋದೆ. ಬೇಲಿಯಾಚೆ ತಾಯಿಕುದುರೆಗಳ ಜೊತೆ ಮರಿಗಳನ್ನು ಬಿಟ್ಟಿದ್ದರು. ಬಿಸಿಲು ಇನ್ನೂ ಎಳೆಯದಾಗಿತ್ತು. ಒಂದು ಕಂದು ಮರಿ ಸುಮ್ಮಸುಮ್ಮನೆ ಓಡಿ, ತನ್ನ ಕಾಲಿಗೆ ತಾನೇ ತೊಡರಿ, ಮತ್ತೆ ಎದ್ದು ಓಡುತ್ತಿತ್ತು. ಅವನು ರೇಸಿನ ಮೈಕಿನವನ ಧಾಟಿಯಲ್ಲಿ, ಮುಂದೆ ಓಡುತ್ತಿರುವುದು ಮದುಮಗಳು, ಹಿಂದೆ ಸೋದರತ್ತೆ, ಬೇಲಿ ಪಕ್ಕದಲ್ಲಿ ಮೇಷ್ಟ್ರು ಮೇಯುತ್ತಾ ನಿಂತುಬಿಟ್ಟಿದ್ದಾರೆ ಎಂದು ವರದಿ ಒಪ್ಪಿಸತೊಡಗಿದ. ಮದುಮಗಳು ನಕ್ಕಳು. ನನ್ನ ಹೆಂಡತಿಯೂ ನಕ್ಕಳು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಭಾನುವಾರದಿಂದ ಅವಳನ್ನು ನಗಿಸಲು ನಾನು ಮಾಡಿದ್ದ ಪ್ರಯತ್ನವೆಲ್ಲ ವ್ಯರ್ಥವಾಗಿತ್ತು. ಅವಳ ಕೈಯಿಂದ ಧಾರೆ ಕಿತ್ತುಕೊಂಡವನೇ ಅವಳನ್ನು ನಗಿಸಿದ. ನಾನು ಅಲ್ಲಿ ನಿಲ್ಲದೆ ಮನೆಗೆ ಬಂದು, ಚಪ್ಪರದವರ ಮೇಲೆ ರೇಗಾಡಿದೆ. ಬಡವನ ಕೋಪ ದವಡೆಗೆ ಮೂಲ. ಅವರು ಮಧ್ಯಾಹ್ನದವರೆಗೆ ಕೆಲಸ ನಿಲ್ಲಿಸಿ ಕೂತರು. ಆಮೇಲೆ ಅವನು ಬಂದು ಅವರ ಜೊತೆ ತಾನೂ ಗಳ ಹತ್ತಿ ಸೋಗೆ ಕಟ್ಟಿದ ಮೇಲೇ ಚಪ್ಪರ ಎದ್ದದ್ದು.

ಶನಿವಾರ ಬೆಳಿಗ್ಗೆ ಮತ್ತೆ ಹೋದ. ನಾಳೆ ಮದುವೆ ಇಟ್ಟುಕೊಂಡು ಹೋಗುವುದೇ ಎಂದು ಅವನ ಹೆಂಡತಿ ಅತ್ತಳು. "ಇವತ್ತೊಂದಿನ ಕಣೇ, ಹೋದದ್ದೆಲ್ಲ ವಾಪಸ್ ತಂದುಬಿಡ್ತೀನಿ" ಎಂದು ಹೋದವನು ಬೀಗರು ಬಂದು ಇಳಿಯುವ ಹೊತ್ತಿಗೆ ಬಂದ. ಉಳಿದಿದ್ದೆಲ್ಲ ಹೋಗಿತ್ತು. ಕೈಯಲ್ಲಿದ್ದ ವಾಚೂ ಇರಲಿಲ್ಲ. ಮಾವನವರು ಅವನ ಬರಿಗೈ ನೋಡಿದರು. ಈಗಲಾದರೂ ಬೈಯುತ್ತಾರೆ ಎಂದು ನಾನು ಕಾದೆ.

"ಹೋದ್ರೆ ಹೋಗ್ಲಿ ಬುಡ್ಲಾ" ಎಂದರು ಅವರು. "ನಾಳೆ ಧಾರೆ ಎರೆಯೋನು ನೀನು. ಮುಖ ಬಾಡುಸ್ಕಬ್ಯಾಡ. ಹೋಗಿ ಉಣ್ಣು."

ಆಗ ನನಗೆ ಅರ್ಥವಾಯಿತು. ಅವನು ಗೆದ್ದರೂ ಅವನೇ, ಸೋತರೂ ಅವನೇ. ಆ ಮನೆಯಲ್ಲಿ ನಾನು ಓಡುವ ಪಂದ್ಯವೇ ಇರಲಿಲ್ಲ.

ಭಾನುವಾರ ನಸುಕಿಗೇ ಅವನು ತಲೆಸ್ನಾನ ಮಾಡಿ ಹೊಸ ಪಂಚೆ ಉಟ್ಟ. ಚಪ್ಪರದಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ಎದುರು ಬಂದು ನಿಂತು, "ಅಣ್ಣ, ಕಚ್ಚೆ ಸರಿಯಾಗಿದೆಯಾ ನೋಡಿ" ಎಂದ. ಸರಿಯಾಗಿರಲಿಲ್ಲ. "ಸರಿಯಾಗಿದೆ" ಎಂದೆ. ಅವನು ನಕ್ಕು ಹೊರಗೆ ಹೋದ.

ಮುಹೂರ್ತಕ್ಕೆ ಪುರೋಹಿತರು ಕರೆದಾಗ ಅವನಿರಲಿಲ್ಲ. ಹಿತ್ತಲು, ಅಟ್ಟ, ಬೀಗರ ಬಿಡಾರ ಎಲ್ಲ ಹುಡುಕಿದೆವು. ಅವನ ಹೆಂಡತಿ ರೇಷ್ಮೆ ಸೀರೆಯುಟ್ಟು ಮಣೆಯ ಪಕ್ಕ ಒಬ್ಬಳೇ ನಿಂತಿದ್ದಳು. ಕೊನೆಗೆ ಓಲಗದವರಲ್ಲಿ ಒಬ್ಬ ತಲೆ ಕೆರೆದುಕೊಂಡು ಮುಂದೆ ಬಂದ.

"ಬೆಳಿಗ್ಗೇನೇ ಬಸ್ ಸ್ಟ್ಯಾಂಡ್ನಾಗೆ ಬೆಂಗ್ಳೂರ್ ಬಸ್ ಹತ್ತಿದ್ರು ಬುದ್ಧಿ. ಧಾರೆ ಅಲ್ವಾ ಅಂದೆ. ಇವತ್ತು ಕುದುರೆ ಐತೆ ಕಣಯ್ಯಾ, ತಪ್ಪುಸ್ಕಳಕ್ಕಾಗಲ್ಲ ಅಂದ್ರು."

ಚಪ್ಪರವೆಲ್ಲ ಗುಜುಗುಜು ಎಂದಿತು. ಬೀಗರ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೋದರತ್ತೆ ಎದ್ದು ನಿಂತು ಚಪ್ಪರದ ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದರು. ಯಾರಾದರೂ ಮಕ್ಕಳೊಂದಿಗರು ಸಿಗುತ್ತಾರೆಯೇ ಎಂದು ಅವರು ಹುಡುಕುತ್ತಿದ್ದುದು ನನಗೆ ಚೆನ್ನಾಗಿ ಗೊತ್ತು. "ಲಗ್ನ ಮೀರ್ತಾ ಇದೆ" ಎಂದು ಪುರೋಹಿತರು ಕೂಗಿದರು. ಆಗ ಮಾವನವರು ಜೀವಮಾನದಲ್ಲಿ ಮೊದಲ ಸಲ ಅಕ್ಕನ ಮುಂದೆ ಧ್ವನಿ ಎತ್ತಿದರು.

"ಇನ್ಯಾರ್ನೂ ನೋಡಬ್ಯಾಡ ಅಕ್ಕ. ನನ್ನ ದೊಡ್ಡ ಮಗ್ಳು ಅವ್ಳೆ. ದೊಡ್ಡಮ್ಮಿ, ಬಾ, ಕುಂತ್ಕ. ಬನ್ನಿ ಮೇಷ್ಟ್ರೇ."

ನನ್ನ ಹೆಂಡತಿ ಒಳಗಿನಿಂದ ಬಂದಳು. ಹಸಿರು ಸೀರೆ ಉಟ್ಟಿದ್ದಳು. ನಾವು ಮಣೆಯ ಮೇಲೆ ಕೂತೆವು. ಆ ಹುಡುಗಿಯ ಕೈಯನ್ನು ನಮ್ಮ ಕೈಗಳು ಹಿಡಿದುಕೊಂಡವು, ತೆಂಗಿನಕಾಯಿಯ ಮೇಲೆ ಹಾಲು ಬಿತ್ತು. ಅವಳು ಹಾಲು ಎರೆಯುತ್ತಾ ಅಳುತ್ತಿದ್ದಳು. ಯಾರಿಗೂ ಮುಖ ಮರೆಸಿಕೊಳ್ಳಲಿಲ್ಲ. ನನಗೂ ಕಣ್ಣು ತುಂಬಿತು. ಅದರಲ್ಲಿ ಅರ್ಧ ಮಗಳನ್ನು ಕೊಟ್ಟ ಸಂತೋಷ, ಇನ್ನರ್ಧ ಅವನನ್ನು ಗೆದ್ದ ಸಂತೋಷ.

ಸಂಜೆ ಅವನು ಬಂದ. ಸೋದರತ್ತೆ ಬಾಗಿಲಿಗೆ ಅಡ್ಡ ನಿಂತು ಆಡಬಾರದ್ದನ್ನೆಲ್ಲ ಆಡಿದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಆಮೇಲೆ ಹಿಂಬಾಗಿಲಿನಿಂದ ಹೋಗಿ ಕೊನೆಯ ಪಂಕ್ತಿಯ ಎಲೆ ಎತ್ತಿದ. ಅವತ್ತಿನಿಂದ ಆ ಮನೆಯಲ್ಲಿ ಅವನ ಹೆಸರು ಹೋಗಿ 'ಧಾರೆ ಹೊತ್ತಿಗೆ ಕುದ್ರೆ ಹಿಂದೆ ಹೋದೋನು' ಎಂದಾಯಿತು. ನೆಂಟರಲ್ಲಿ ಯಾರು ಹೊತ್ತಿಗೆ ಕೈಕೊಟ್ಟರೂ ಅವನದೇ ಉದಾಹರಣೆ. ಮಾವನವರು ಬೈಯಲಿಲ್ಲ. ಆದರೆ ಆಮೇಲೆ ಅವನು ಬಂದಾಗಲೆಲ್ಲ ಹೆಗಲ ಟವಲ್ಲು ಸರಿ ಮಾಡಿಕೊಂಡು ಎದ್ದು ನಿಂತು, "ಬನ್ನಿ, ಕುಂತ್ಕೊಳಿ" ಎನ್ನತೊಡಗಿದರು. ಮೊದಲ ಸಲ ಹಾಗೆ ಕರೆಸಿಕೊಂಡಾಗ ಅವನ ಮುಖ ಹೇಗಾಯಿತೆಂದು ನಾನು ನೋಡಿದ್ದೇನೆ. ತುದಿಗಾಲ ಮೇಲೆ ನಿಂತಿದ್ದವನು ಹಿಮ್ಮಡಿ ಊರಿ ನಿಂತ. ತಾವು ಸಾಯುವವರೆಗೂ ಮಾವನವರು ಅವನನ್ನು ಮತ್ತೆ 'ಏನ್ಲಾ' ಎನ್ನಲಿಲ್ಲ. ನನಗೆ ಅದೂ ಖುಷಿಯೇ ಆಗಿತ್ತು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಕಥೆಯನ್ನು ನಾನು ಹೇಳದ ಮೇಷ್ಟ್ರಿಲ್ಲ.

ಚಿಕ್ಕವಳು ನಮ್ಮ ಮಗಳೇ ಆದಳು. ಗೌರಿ ಹಬ್ಬಕ್ಕೆ ಗುಬ್ಬಿಗೇ ಬರುತ್ತಾಳೆ. ಅವಳ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಆ ಮಗು ಹುಟ್ಟಿದ ದಿನದಿಂದ ನನ್ನ ಹೆಂಡತಿ ದೇವರ ಹರಕೆಗಳನ್ನು ಬಿಟ್ಟಳು. ಅವನು ಮಾತ್ರ ಅವನ ಪಾಡಿಗೆ ಗೆಲ್ಲುತ್ತಾ, ಹೆಚ್ಚಾಗಿ ಸೋಲುತ್ತಾ, ಶೇವ್ ಮಾಡಿಕೊಳ್ಳುತ್ತಾ ಇದ್ದ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಅವನ ಕಾರ್ಖಾನೆಯ ಗೆಳೆಯರೊಬ್ಬರು ಕೂತಿದ್ದರು. ಅವರೂ ಹಳೆಯ ರೇಸಿನವರೇ. ಮಾತಿಗೆ ಮಾತು ಬಂದು, ನಾನು ಅಭ್ಯಾಸಬಲದಿಂದ ಅದೇ ಕಥೆ ತೆಗೆದೆ. ಅವರು ಅನ್ನ ಕಲಸುತ್ತಿದ್ದ ಕೈ ಬಿಟ್ಟು ನನ್ನನ್ನು ನೋಡಿದರು.

"ಆ ಭಾನ್ವಾರ ಎಲ್ಲಿ ಬಂತು ಸಾರ್ ರೇಸು? ಹಿಂದಿನ ದಿವ್ಸ ಶನಿವಾರಕ್ಕೇ ಸೀಸನ್ ಮುಗ್ದಿತ್ತು. ಕೊನೇ ರೇಸಲ್ಲಿ ಇಬ್ರೂ ಸೋತು ಅರ್ಧ ದಾರಿ ಒಟ್ಟಿಗೇ ಬಂದ್ವಲ್ಲ, ಆಮೇಲೆ ನಾನು ತುಮಕೂರಿಗೆ, ಅವ್ನು ಕುಣಿಗಲ್ಲಿಗೆ. ಮಾರನೇ ದಿವ್ಸ ನೋಡಿದ್ರೆ ಹೊಸ ಪಂಚೆ ಉಟ್ಕೊಂಡು ನಮ್ಮನೆ ಬಾಗ್ಲಲ್ಲಿ ನಿಂತವ್ನೆ. ಬೆಂಗ್ಳೂರ್ ಬಸ್ಸಲ್ಲಿ ಎರಡು ಸ್ಟಾಪ್ ಹೋಗಿ ಇಳಿದು, ಸುತ್ತು ಹಾಕ್ಕೊಂಡು ಬಂದಿದ್ನಂತೆ. ಮದ್ವೆ ಊಟ ಬಿಟ್ಟು ಇದ್ಯಾಕಯ್ಯಾ ಬಂದೆ ಅಂದ್ರೆ ಸುಮ್ನೆ ನಕ್ಕ. ನಮ್ಮನೆಯವ್ಳು ಮುದ್ದೆ ಉಪ್ಸಾರು ಮಾಡಿದ್ಲು. ಅದನ್ನೇ ಉಂಡು ಸಂಜೆವರ್ಗೂ ನಮ್ಮ ಜಗಲಿ ಮೇಲೆ ಮಲ್ಗಿದ್ದ."

ರೇಸಿಗೂ ಋತುಮಾನ ಉಂಟು, ಅದು ಮುಗಿಯುತ್ತದೆ ಎಂಬುದು ರೇಸಿಗೆ ಹೋಗುವ ಯಾವನಿಗೂ ಗೊತ್ತಿರುವ ಮಾತು. ಆ ಚಪ್ಪರದಲ್ಲಿದ್ದ ಮುನ್ನೂರು ಜನ ಮಾನವಂತರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಶನಿವಾರ ಭಾನುವಾರ ಎಂದರೆ ರೇಸು ಎಂದುಕೊಂಡಿದ್ದೆವು ಅಷ್ಟೇ. ನಮ್ಮ ಮರ್ಯಾದಸ್ಥಿಕೆಯ ಮೇಲೆಯೇ ದುಡ್ಡು ಕಟ್ಟಿ ಅವನು ಆಡಿದ್ದ.

ಗುಬ್ಬಿಗೆ ಬಂದು ಮನೆಯ ಜಗಲಿಯಲ್ಲಿ ಕೂತ ಮೇಲೆ ಹೆಂಡತಿಯನ್ನು ಕೇಳಿದೆ.

"ಆ ಭಾನುವಾರ ರೇಸ್ ಇರ್ಲಿಲ್ಲ. ನಿಂಗೆ ಗೊತ್ತಿತ್ತಾ?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

"ಗೊತ್ತಿತ್ತು. ಅವತ್ತು ಬೆಳಿಗ್ಗೆ ನೀರೊಲೆ ಹತ್ರ ಒಬ್ಳೇ ಇದ್ದೆ. ಬಂದು ಹೇಳಿ ಹೋದ್ರು. 'ನಾನು ಮೊದ್ಲೇ ಬೇಡ ಅಂದ್ರೆ ಸೋದರತ್ತೆ ಇನ್ನೊಂದು ಜೋಡಿ ಹುಡುಕ್ತಾರೆ ಅತ್ತಿಗೆ. ಲಗ್ನ ಮೀರೋ ಹೊತ್ತಿಗೆ ನಾನಿಲ್ಲ ಅಂದ್ರೆ ಮಾವ ನಿಮ್ಮನ್ನೇ ಕೂರಿಸ್ತಾರೆ. ಸೀರೆ ಉಟ್ಕೊಂಡು ರೆಡಿಯಾಗಿರಿ' ಅಂದ್ರು. ನಂಗೆ ಬೇಡ ಅನ್ನಕ್ಕಾಗ್ಲಿಲ್ಲ ಕಣ್ರೀ. ಅಷ್ಟು ಆಸೆ ಇತ್ತು."

"ನಂಗ್ಯಾಕೆ ಹೇಳ್ಲಿಲ್ಲ? ಇಷ್ಟು ವರ್ಷ?"

"ಅವ್ರೇ ಹೇಳ್ಬೇಡಿ ಅಂದಿದ್ರು. ನಿಮ್ಗೆ ಮಾತ್ರ ಹೇಳ್ಲೇಬೇಡಿ ಅಂದ್ರು."

"ಯಾಕಂತೆ?"

"'ನಾನು ಬಿಟ್ಕೊಟ್ಟಿದ್ದು ಅಂತ ಗೊತ್ತಾದ್ರೆ ಅಣ್ಣ ಮಣೆ ಮೇಲಿಂದ ಎದ್ದುಬಿಡ್ತಾರೆ' ಅಂದ್ರು."

ಎದ್ದುಬಿಡುತ್ತಿದ್ದೆ. ಅದರಲ್ಲಿ ಸಂಶಯವೇ ಇಲ್ಲ. ಅವನ ಭಿಕ್ಷೆ ನಮಗೆ ಬೇಡ ಎಂದು ಇವಳ ಕೈ ಹಿಡಿದು ಎಬ್ಬಿಸಿಕೊಂಡು, ಹಾಲಿನ ತಂಬಿಗೆಯನ್ನು ಅಲ್ಲೇ ಇಟ್ಟು ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದೆ. ಜೀವಮಾನವೆಲ್ಲ ಹತ್ತು ಕುದುರೆಗೆ ಕಟ್ಟಿ ಒಂಬತ್ತರಲ್ಲಿ ತಪ್ಪಿದವನು ನನ್ನೊಬ್ಬನನ್ನು ಮಾತ್ರ ಕೂದಲೆಳೆಯಷ್ಟೂ ತಪ್ಪದೆ ಅಳೆದಿದ್ದ. ಅದಕ್ಕಾಗಿ ಮಾವನವರ 'ಏನ್ಲಾ' ಕಳೆದುಕೊಂಡ, ಒಂದು ದಿನವೂ ಬಾಯಿ ಬಿಡಲಿಲ್ಲ. ನಾನು ಅವನ ಜಾಗದಲ್ಲಿದ್ದಿದ್ದರೆ ವಾರದೊಳಗೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೆ. ಹೊಟ್ಟೆ ಉರಿಯಿತು. ಈ ಸಲ ಉರಿಯನ್ನು ಯಾರ ಮುಂದೆ ತೋರಿಸಲಿ, ಅವನೇ ಇರಲಿಲ್ಲ.

ಶಾಲೆಗೆ ರಜೆ ಎಂದು ಬಂದಿದ್ದ ಚಿಕ್ಕವಳ ಮಗಳು ಒಳಗಿನಿಂದ ಕೂಗಿದಳು. "ತಾತಾ, ಅಜ್ಜಿ, ಉಣ್ಣಕ್ಕೆ ಬನ್ನಿ, ನಂಗೆ ಹಸಿವು."

ನನ್ನ ಹೆಂಡತಿ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ನಾನು ಎದ್ದು ಒಳಗೆ ಹೋಗಿ ಆ ಮಗುವಿನ ಪಕ್ಕ ಮಣೆ ಹಾಕಿಕೊಂಡು ಕೂತೆ.